ಊರಿನಿಂದ ಶುರುವಾದ ಬಿಡುಗಡೆ: ಹಾಸನ ಜಿಲ್ಲೆಯ ಒಂದು ಸಣ್ಣ ಸಿನಿಮಾದ ಪ್ರಕರಣ

ಸಿನಿಮಾ ಮುಗಿದಿತ್ತು. ಸೆನ್ಸಾರ್ ಸರ್ಟಿಫಿಕೇಟೂ ಬಂದಿತ್ತು. ನೋಡಿದ ಕೆಲವರು ಚೆನ್ನಾಗಿದೆ ಅಂದಿದ್ದರು. ಆದರೆ ಅದನ್ನು ಜನರ ಮುಂದೆ ತರುವುದು ಹೇಗೆ ಅನ್ನುವುದು ತಂಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಂಥ ಸ್ಥಿತಿಯಲ್ಲಿ ನಿಂತುಹೋಗುವ ಸಿನಿಮಾಗಳು ನಮ್ಮಲ್ಲಿ ಪ್ರತಿ ವರ್ಷ ಎಷ್ಟೋ ಇರುತ್ತವೆ. ಅದರಲ್ಲಿ ಒಂದರ ಕಥೆ ಇದು. ಸಿನಿಮಾ ಹೇಗೆ ಮಾಡಿದೆವು ಅಂತ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಹೇಗೆ ಮಾರಿದೆವು ಅಂತ ಲೆಕ್ಕ ಬಿಚ್ಚಿ ಹೇಳುವವರು ಕಡಿಮೆ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಸಕಲೇಶಪುರ ಮತ್ತು ಆಲೂರು ನಡುವಿನ ಒಂದು ಹಳ್ಳಿಯಲ್ಲಿ ಕಥೆ ನಡೆಯುತ್ತದೆ. ಕಾಡಾನೆ ಕಾಟಕ್ಕೆ ಗದ್ದೆ ನಾಟಿಯನ್ನೇ ಬಿಟ್ಟ ಒಂದು ಮನೆ. ಜಮೀನಿನಲ್ಲಿ ಹೋಂಸ್ಟೇ ಕಟ್ಟೋಣ ಅನ್ನುವ ಮಗ, ಒಪ್ಪದ ಅಪ್ಪ. ಒಟ್ಟು ಒಂದು ಗಂಟೆ ನಲವತ್ತು ನಿಮಿಷ. ಹಾಡಿಲ್ಲ, ಫೈಟಿಲ್ಲ, ಹೆಸರಿರುವ ನಟರಿಲ್ಲ. ಮಾತೆಲ್ಲ ಆ ಕಡೆಯ ಕನ್ನಡವೇ. ಅಪ್ಪನ ಪಾತ್ರ ಮಾಡಿದವರು ನಿಜವಾಗಿಯೂ ಒಬ್ಬ ರೈತರು. ಆನೆ ಒಂದು ಸಲವೂ ಪರದೆ ಮೇಲೆ ಬರುವುದಿಲ್ಲ. ಅದರ ಸದ್ದು ಮಾತ್ರ ಕೇಳುತ್ತದೆ. ಕೈಯಲ್ಲಿ ದುಡ್ಡಿಲ್ಲದೆ ಮಾಡಿಕೊಂಡ ಆ ಏರ್ಪಾಟೇ ಸಿನಿಮಾದ ಬಲ ಅಂತ ನನಗನ್ನಿಸುತ್ತದೆ.

ಖರ್ಚಾಗಿದ್ದು 38 ಲಕ್ಷ. ನಿರ್ದೇಶಕ ಹಾಸನದ ಹುಡುಗ. ಅವನ ಅಕ್ಕ-ಭಾವ, ಕಾಲೇಜಿನ ಗೆಳೆಯರು, ಇಬ್ಬರು ಕಾಫಿ ಬೆಳೆಗಾರರು ಹಣ ಹಾಕಿದ್ದರು. ಬಿಡುಗಡೆಯ ಓಡಾಟಕ್ಕೂ ಲೆಕ್ಕಪತ್ರಕ್ಕೂ ನಾನು ಜೊತೆಯಾಗಿದ್ದೆ. ಕೆಲವು ಹಕ್ಕುಗಳ ಮಾತುಕತೆ ಇನ್ನೂ ನಡೆಯುತ್ತಿರುವುದರಿಂದ ಸಿನಿಮಾದ ಹೆಸರು ಬರೆಯುತ್ತಿಲ್ಲ. ಮೊತ್ತಗಳನ್ನು ತಂಡದ ಒಪ್ಪಿಗೆ ಪಡೆದು ಅಂದಾಜಿಗೆ ಹತ್ತಿರ ಮಾಡಿ ಕೊಟ್ಟಿದ್ದೇನೆ.

ಗಾಂಧಿನಗರದ ಉತ್ತರ

ಮೊದಲು ಎಲ್ಲರೂ ಹೋಗುವ ಹಾಗೆ ಇವರೂ ಬೆಂಗಳೂರಿನ ಗಾಂಧಿನಗರಕ್ಕೆ ಹೋದರು. ಹಂಚಿಕೆದಾರರು ಒಂದು ಸಿನಿಮಾವನ್ನು ತೆಗೆದುಕೊಳ್ಳುವ ರೀತಿ ಮೂರು. ಒಂದಿಷ್ಟು ಹಣ ಕೊಟ್ಟು ಪೂರ್ತಿ ಕೊಂಡುಕೊಳ್ಳುವುದು ಔಟ್‌ರೈಟ್. ಇಷ್ಟು ಗ್ಯಾರಂಟಿ ಅಂತ ಮುಂಗಡ ಕೊಟ್ಟು, ಅದರ ಮೇಲೆ ಬಂದದ್ದನ್ನು ಹಂಚಿಕೊಳ್ಳುವುದು ಎಂ.ಜಿ., ಅಂದರೆ ಮಿನಿಮಮ್ ಗ್ಯಾರಂಟಿ. ಮೂರನೆಯದು ಕಮಿಷನ್. ಇದರಲ್ಲಿ ಹಂಚಿಕೆದಾರ ಒಂದು ರೂಪಾಯಿಯನ್ನೂ ಹಾಕುವುದಿಲ್ಲ. ಥಿಯೇಟರ್ ಬುಕ್ ಮಾಡಿಸಿಕೊಡುತ್ತಾನೆ, ಬಂದ ಕಲೆಕ್ಷನ್‌ನಲ್ಲಿ ತನ್ನ ಪಾಲು ಹಿಡಿದುಕೊಳ್ಳುತ್ತಾನೆ. ಸ್ಟಾರ್ ಇಲ್ಲದ ಸಿನಿಮಾಕ್ಕೆ ಮೊದಲಿನ ಎರಡು ಸಿಗುವುದು ಬಹಳ ಅಪರೂಪ. ಇವರಿಗೆ ಸಿಕ್ಕ ಉತ್ತರವೂ ಅದೇ. "ಮಾಡ್ಕೊಡ್ತೀವಿ ಸಾರ್, ಆದ್ರೆ ಖರ್ಚೆಲ್ಲ ನಿಮ್ದು."

ಆ ಖರ್ಚು ಎಷ್ಟು? ರಾಜ್ಯದ 60 ಥಿಯೇಟರ್‌ಗಳಲ್ಲಿ ಬಿಡುಗಡೆಗೆ ಸುಮಾರು 18 ಲಕ್ಷ ಅಂತ ಅಂದಾಜು ಕೊಟ್ಟರು. ಪೋಸ್ಟರ್, ಪತ್ರಿಕಾ ಜಾಹೀರಾತು, ಮುಂಗಡ ಬಾಡಿಗೆ, ಜೊತೆಗೆ ಕ್ಯೂಬ್ ಮತ್ತು ಯುಎಫ್‌ಒದಂಥ ಡಿಜಿಟಲ್ ಪ್ರೊಜೆಕ್ಷನ್ ಸಂಸ್ಥೆಗಳಿಗೆ ಪ್ರತಿ ಪರದೆಗೆ ಕೊಡುವ ಶುಲ್ಕ. ಈ ಕೊನೆಯದು ಹೊಸಬರಿಗೆ ಗೊತ್ತಿರುವುದಿಲ್ಲ. ರೀಲು ಹೋಗಿ ಡಿಜಿಟಲ್ ಬಂದ ಮೇಲೆ ಪ್ರಿಂಟ್ ಖರ್ಚು ಹೋಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಪರದೆ ಹೆಚ್ಚಾದಷ್ಟೂ ಈ ಶುಲ್ಕ ಹೆಚ್ಚಾಗುತ್ತದೆ, ಜನ ಬರಲಿ ಬಿಡಲಿ.

ನಾವು ಕೂತು ಒಂದು ಸರಳ ಲೆಕ್ಕ ಹಾಕಿದೆವು. ತೆರಿಗೆ ಸೇರಿ ಟಿಕೆಟ್ 100 ರೂಪಾಯಿ ಅಂತ ಇಟ್ಟುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಅದನ್ನು ಕಳೆದರೆ ಉಳಿಯುವುದು 95 ರೂಪಾಯಿ ಚಿಲ್ಲರೆ. ಥಿಯೇಟರಿನವರ ಜೊತೆ ಅರ್ಧರ್ಧ ಹಂಚಿಕೊಂಡರೆ ನಿರ್ಮಾಪಕನಿಗೆ 47 ರೂಪಾಯಿ. 38 ಲಕ್ಷ ವಾಪಸ್ ಬರಬೇಕಾದರೆ ಸುಮಾರು 80 ಸಾವಿರ ಜನ ನೋಡಬೇಕು. ಅದರ ಮೇಲೆ ಬಿಡುಗಡೆಯ 18 ಲಕ್ಷಕ್ಕೆ ಇನ್ನೂ 38 ಸಾವಿರ ಜನ. ಈ ಸಂಖ್ಯೆ ಬರೆದ ಹಾಳೆಯನ್ನು ನೋಡಿ ಭಾವ ಒಂದು ಮಾತು ಕೇಳಿದರು. "ಇಷ್ಟು ಜನ ಯಾರು ಅಂತ ಹೇಳು. ಹೆಸರು ಬೇಡ, ಎಲ್ಲಿಯವರು ಅಂತ ಹೇಳು ಸಾಕು."

ಅಲ್ಲಿಂದಲೇ ಪ್ರಕರಣ ತಿರುಗಿತು ಅಂತ ನನ್ನ ಅಭಿಪ್ರಾಯ.

ವ್ಯಾಪಾರದ ನಕ್ಷೆ ಬೇರೆ, ಪ್ರೇಕ್ಷಕರ ನಕ್ಷೆ ಬೇರೆ

ಕನ್ನಡ ಸಿನಿಮಾ ವ್ಯಾಪಾರದಲ್ಲಿ ರಾಜ್ಯವನ್ನು ಏರಿಯಾಗಳಾಗಿ ಹಂಚಿಕೊಂಡಿದ್ದಾರೆ. ಬೆಂಗಳೂರು, ಕೋಲಾರ, ತುಮಕೂರು ಸೇರಿದರೆ ಬಿಕೆಟಿ. ಹಾಸನ ಸೇರುವುದು ಮೈಸೂರು, ಮಂಡ್ಯದ ಜೊತೆ. ಮೂಡಿಗೆರೆ, ಚಿಕ್ಕಮಗಳೂರು ಇನ್ನೊಂದು ಕಡೆಗೆ ಹೋಗುತ್ತವೆ. ದೊಡ್ಡ ಸಿನಿಮಾಕ್ಕೆ ಇದರಿಂದ ತೊಂದರೆ ಇಲ್ಲ. ಆದರೆ ಈ ಕಥೆಯ ಜನ ಎಲ್ಲಿದ್ದಾರೆ? ಸಕಲೇಶಪುರ, ಆಲೂರು, ಬೇಲೂರಿನಲ್ಲಿದ್ದಾರೆ. ಗಡಿ ದಾಟಿದರೆ ಮೂಡಿಗೆರೆ, ಚಿಕ್ಕಮಗಳೂರಿನಲ್ಲಿದ್ದಾರೆ. ಮತ್ತೆ ಓದಿಗೂ ಕೆಲಸಕ್ಕೂ ಊರು ಬಿಟ್ಟು ಬೆಂಗಳೂರಿನಲ್ಲಿ ನೆಲೆಸಿದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಮಂಡ್ಯದ ರೈತನಿಗೆ ಈ ಸಿನಿಮಾ ಇಷ್ಟವಾಗಬಾರದು ಅಂತೇನಿಲ್ಲ. ಆದರೆ ಅವನು ಮೊದಲ ಶುಕ್ರವಾರವೇ ಬರುವುದಿಲ್ಲ, ಅಲ್ವಾ?

ಶುಕ್ರವಾರದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇತ್ತೀಚಿನ ವರ್ಷಗಳಲ್ಲಿ ಕನ್ನಡದಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ಸಿನಿಮಾ ಬಿಡುಗಡೆಯಾಗುತ್ತಿವೆ. ವಾರಕ್ಕೆ ಸರಾಸರಿ ನಾಲ್ಕು. ಜೊತೆಗೆ ತೆಲುಗು, ತಮಿಳು, ಹಿಂದಿ, ಇಂಗ್ಲಿಷ್. ಹೊಸಬರಿಗೆ ಸಿಗುವುದು ಬೆಳಗ್ಗೆ ಹತ್ತರ ಆಟ. ಕೆಲಸದ ದಿನ ಹತ್ತು ಗಂಟೆಗೆ ಯಾರು ಬರುತ್ತಾರೆ? ಬಂದವರು ಹತ್ತು ಜನಕ್ಕೆ ಹೇಳಿ, ಆ ಹತ್ತು ಜನ ಬಿಡುವು ಮಾಡಿಕೊಂಡು ಹೊರಡುವುದಕ್ಕೆ ನಾಲ್ಕೈದು ದಿನ ಬೇಕು. ಅಷ್ಟರಲ್ಲಿ ಶುಕ್ರವಾರ, ಶನಿವಾರದ ಕಲೆಕ್ಷನ್ ನೋಡಿ ಸೋಮವಾರದಿಂದ ಆಟ ತೆಗೆದಿರುತ್ತಾರೆ. ಸಿನಿಮಾ ಚೆನ್ನಾಗಿಲ್ಲದೆ ಸೋತದ್ದು ಬೇರೆ ಮಾತು. ಚೆನ್ನಾಗಿದೆ ಅನ್ನುವ ಸುದ್ದಿ ತಲುಪುವ ಮೊದಲೇ ಪರದೆಯಿಂದ ಇಳಿಯುವುದು ನಿಜಕ್ಕೂ ನೋವಿನ ಸಂಗತಿ. ಥಿಯೇಟರಿನವರನ್ನು ಬೈಯುವುದರಿಂದ ಪ್ರಯೋಜನವಿಲ್ಲ. ಅವರಿಗೂ ಕರೆಂಟ್ ಬಿಲ್ ಇದೆ, ಸಂಬಳ ಇದೆ.

ತಂಡ ಹಿಂದಿನ ಎರಡು ಕನ್ನಡ ಉದಾಹರಣೆಗಳನ್ನು ಗಮನವಿಟ್ಟು ನೋಡಿತು. 2013ರ 'ಲೂಸಿಯಾ'ಕ್ಕೆ ಪವನ್ ಕುಮಾರ್ ಅವರು ಪ್ರೇಕ್ಷಕರಿಂದಲೇ ಸುಮಾರು 50 ಲಕ್ಷ ಒಟ್ಟುಮಾಡಿದ್ದರು. 2023ರ 'ಡೇರ್‌ಡೆವಿಲ್ ಮುಸ್ತಾಫಾ'ಕ್ಕೆ ಪೂರ್ಣಚಂದ್ರ ತೇಜಸ್ವಿಯವರ ಓದುಗರೇ ಹಣ ಹಾಕಿದ್ದರು. ಅದನ್ನು ಅರ್ಪಿಸಿದ ನಟ ಧನಂಜಯ ಅವರು ನಮ್ಮ ಅರಸೀಕೆರೆ ತಾಲ್ಲೂಕಿನವರು. ತೇಜಸ್ವಿ ಬದುಕಿದ್ದ ಮೂಡಿಗೆರೆ ಸಕಲೇಶಪುರಕ್ಕೆ ಪಕ್ಕದ ತಾಲ್ಲೂಕು. ಈ ಎರಡರಲ್ಲೂ ಹಣಕ್ಕಿಂತ ದೊಡ್ಡ ಲಾಭ ಇನ್ನೊಂದಿತ್ತು. ಸಿನಿಮಾ ಬರುವ ಮೊದಲೇ ಅದನ್ನು ತಮ್ಮದು ಅಂದುಕೊಂಡ ಜನ ಇದ್ದರು. ಅವರೇ ಮೊದಲ ಪ್ರಚಾರಕರು. ನಮ್ಮ ತಂಡದ ಹಿಂದೆ ಅಂಥ ಓದುಗ ಬಳಗ ಇರಲಿಲ್ಲ. ಆದರೆ ಆನೆ ಕಾಟ ಅನುಭವಿಸಿದ ಸಾವಿರಾರು ಮನೆಗಳು ಇದ್ದವು.

ಸರ್ಟಿಫಿಕೇಟಿನ ಸಣ್ಣ ಪಾಠಗಳು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಸಿನಿಮಾದಲ್ಲಿ ಪ್ರಾಣಿ ಬಳಸಿದರೆ ಶೂಟಿಂಗ್‌ಗೆ ಮೊದಲೇ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ಅರ್ಜಿ ಹಾಕಬೇಕು. ಅದರ ಕಚೇರಿ ಇರುವುದು ಹರಿಯಾಣದಲ್ಲಿ. ಅಲ್ಲಿನ ಪತ್ರ ಇಲ್ಲದೆ ಸೆನ್ಸಾರ್ ಮುಂದೆ ಸಾಗುವುದಿಲ್ಲ. ತಂಡ ಎರಡು ಎತ್ತಿಗೆ ಅರ್ಜಿ ಹಾಕಿತ್ತು. ಶೂಟಿಂಗ್ ದಿನ ಆ ಮನೆಯ ನಾಯಿಯೂ ಫ್ರೇಮಿನೊಳಗೆ ಬಂದು ಕೂತಿತ್ತು, ದೃಶ್ಯಕ್ಕೆ ಚೆನ್ನಾಗಿತ್ತು, ಉಳಿಸಿಕೊಂಡರು. ಆ ನಾಯಿಯಿಂದ ತಿಂಗಳುಗಟ್ಟಲೆ ಪತ್ರ ವ್ಯವಹಾರವಾಯಿತು. ಅಪ್ಪ ಬೀಡಿ ಸೇದುವ ದೃಶ್ಯಗಳಿದ್ದವು. ಹಾಗಾಗಿ ಶುರುವಿನಲ್ಲಿ ಮತ್ತು ಮಧ್ಯದಲ್ಲಿ 30 ಸೆಕೆಂಡಿನ ತಂಬಾಕು ವಿರೋಧಿ ಚಿತ್ರ, ಸೇದುವಾಗ ಕೆಳಗೆ ಎಚ್ಚರಿಕೆಯ ಸಾಲು ಹಾಕಿಸಬೇಕಾಯಿತು.

ತಾರೀಖಿನ ಬಗ್ಗೆಯೂ ಎಚ್ಚರ ಬೇಕು. ರಾಷ್ಟ್ರಪ್ರಶಸ್ತಿಗೆ ಯಾವ ವರ್ಷದ ಸಿನಿಮಾ ಅನ್ನುವುದು ಸರ್ಟಿಫಿಕೇಟಿನ ದಿನಾಂಕದ ಮೇಲೆ ನಿರ್ಧಾರವಾಗುತ್ತದೆ. ಡಿಸೆಂಬರ್ 31ಕ್ಕೂ ಜನವರಿ 1ಕ್ಕೂ ಒಂದು ವರ್ಷದ ವ್ಯತ್ಯಾಸ. ಆದರೆ ಪ್ರಶಸ್ತಿಯನ್ನೂ ಸರ್ಕಾರದ ಸಹಾಯಧನವನ್ನೂ ನಂಬಿ ಸಾಲ ತೀರಿಸುವ ಯೋಜನೆ ಹಾಕಬೇಡಿ. 2019ರ ರಾಜ್ಯ ಚಲನಚಿತ್ರ ಪ್ರಶಸ್ತಿಗಳು ಘೋಷಣೆಯಾದದ್ದು 2025ರ ಜನವರಿಯಲ್ಲಿ. ಬಂದರೆ ಒಳ್ಳೆಯದು. ಬಡ್ಡಿ ಮಾತ್ರ ಅಲ್ಲಿಯವರೆಗೆ ಕಾಯುವುದಿಲ್ಲ.

ಯಾವ ತಿಂಗಳು, ಯಾವ ಆಟ

ಮಲೆನಾಡಿನ ಒಂದು ತಾಲ್ಲೂಕು ಪೇಟೆಯ ಸಿಂಗಲ್ ಸ್ಕ್ರೀನ್ ಮಾಲೀಕರನ್ನು ನಿರ್ದೇಶಕ ಹೋಗಿ ಕಂಡ. ವಯಸ್ಸಾದವರು, ದಶಕಗಳಿಂದ ಥಿಯೇಟರ್ ನಡೆಸಿದವರು. ಇವನು ದಿನಕ್ಕೆ ನಾಲ್ಕು ಆಟ, ವಾರದ ಬಾಡಿಗೆ ಅಂತ ಮಾತು ಶುರು ಮಾಡಿದ. ಅವರು ತಡೆದರು.

"ನಾಕು ಆಟ ಬೇಡ ಕಣಪ್ಪ. ರಾತ್ರಿ ಆಟ ಅಂತೂ ಬೇಡ್ವೇ ಬೇಡ. ಆನೆ ಇಳೀತವೆ, ಯಾರು ಬತ್ತಾರೆ? ಕೊನೇ ಬಸ್ ಹೊರಡೋಕ್ ಮುಂಚೆ ಬಿಡ್ಬೇಕು. ಬಾಡಿಗೆ ಕೊಟ್ರೆ ನೀನ್ ಮುಳುಗ್ತೀಯ. ಒಂದಾಟ ತಗೋ, ಬಂದಿದ್ರಲ್ಲಿ ಅರ್ಧ ಹಂಚ್ಕೊಳಾಣ."

"ಯಾವ ಹೊತ್ತಿನ ಆಟ ಸಾರ್?"

"ಹನ್ನೊಂದೂವರೆದು. ಭಾನುವಾರ ಬೇಕಾದ್ರೆ ಮಧ್ಯಾಹ್ನ ಇನ್ನೊಂದ್ ತಗೋ."

ಆ ಮಾತಿನಲ್ಲಿ ಇದ್ದಷ್ಟು ಮಾರುಕಟ್ಟೆ ಜ್ಞಾನ ಬೇರೆ ಯಾರಿಂದಲೂ ನಮಗೆ ಸಿಗಲಿಲ್ಲ. ಕರ್ನಾಟಕದ ಸಿಂಗಲ್ ಸ್ಕ್ರೀನ್‌ಗಳಲ್ಲಿ ವಾರದ ಬಾಡಿಗೆ ಪದ್ಧತಿ ಹಳೆಯದು. ಜನ ಬರದಿದ್ದರೂ ಬಾಡಿಗೆ ಕಟ್ಟಲೇಬೇಕು. ಒಂದೇ ಆಟವನ್ನು ಶೇರ್ ಮೇಲೆ ಕೊಡಲು ಮಾಲೀಕರು ಒಪ್ಪಿದ್ದು ದೊಡ್ಡ ಉಪಕಾರ. ಉಳಿದ ಆಟಗಳಿಗೆ ಅವರು ಬೇರೆ ಸಿನಿಮಾ ಹಾಕಿಕೊಂಡರು, ಅವರಿಗೂ ನಷ್ಟವಾಗಲಿಲ್ಲ.

ತಿಂಗಳು ಆರಿಸುವುದಕ್ಕೆ ಇನ್ನೂ ಹೆಚ್ಚು ಚರ್ಚೆಯಾಯಿತು. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಆಮೇಲೆ ರೋಬಸ್ಟಾ. ಆಗ ತೋಟದವರ ಕೈಯಲ್ಲಿ ಹಣ ಓಡಾಡುತ್ತದೆ, ಬಿಡುವು ಇರುವುದಿಲ್ಲ. ಜೂನ್ ಬಂದರೆ ಮಳೆ, ಆ ಮಳೆಯಲ್ಲಿ ಮನೆ ಬಿಟ್ಟು ಸಿನಿಮಾಕ್ಕೆ ಹೊರಡುವವರು ಕಡಿಮೆ. ಮಾರ್ಚ್‌ನಲ್ಲಿ ಪಿಯುಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆ, ಅದರ ಬೆನ್ನಿಗೇ ಐಪಿಎಲ್. ಉಳಿಯುವುದು ಫೆಬ್ರುವರಿ. ಅರೇಬಿಕಾ ಮುಗಿದಿರುತ್ತದೆ, ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಂದಿರುವುದಿಲ್ಲ. ಫೆಬ್ರುವರಿ ಮೊದಲ ವಾರ ಅಂತ ತೀರ್ಮಾನವಾಯಿತು. ಬೆಂಗಳೂರಿನಲ್ಲಿ ಕೂತು ಇಡೀ ರಾಜ್ಯಕ್ಕೆ ಒಂದೇ ದಿನಾಂಕ ಹಾಕುವವರಿಗೆ ಈ ಲೆಕ್ಕ ಹೊಳೆಯುವುದು ಕಷ್ಟ.

ಊರಿನ ಸಭಾಂಗಣಗಳಲ್ಲಿ, ಶಾಲೆಗಳಲ್ಲಿ ಟಿಕೆಟ್ ಇಟ್ಟು ತೋರಿಸಿದರೆ ಹೇಗೆ ಅಂತಲೂ ಒಂದು ಯೋಚನೆ ಇತ್ತು. 1964ರ ಕರ್ನಾಟಕ ಸಿನಿಮಾ (ನಿಯಂತ್ರಣ) ಕಾಯ್ದೆ ಪ್ರಕಾರ ಪರವಾನಗಿ ಇಲ್ಲದ ಜಾಗದಲ್ಲಿ ಹಾಗೆ ಪ್ರದರ್ಶನ ಮಾಡುವಂತಿಲ್ಲ. ಅದಕ್ಕೆ ಓಡಾಡುವ ಬದಲು ಇರುವ ಥಿಯೇಟರನ್ನೇ ತುಂಬಿಸೋಣ ಅಂದುಕೊಂಡರು. ಸರಿಯಾದ ನಿರ್ಧಾರ. ಮಲೆನಾಡಿನ ಸಣ್ಣ ಪೇಟೆಗಳ ಥಿಯೇಟರ್‌ಗಳು ಉಳಿಯಬೇಕಾದರೆ ಅಲ್ಲಿನ ಸಿನಿಮಾಗಳೂ ಅಲ್ಲೇ ಓಡಬೇಕು ಅನ್ನುವುದು ನನ್ನ ಆಸೆ ಕೂಡ.

ನಡೆದದ್ದು

ಮೊದಲ ವಾರ ಆ ತಾಲ್ಲೂಕು ಪೇಟೆ ಮತ್ತು ಹಾಸನದ ಒಂದು ಪರದೆ, ಅಷ್ಟೇ. ಎರಡನೇ ವಾರ ಚಿಕ್ಕಮಗಳೂರು ಸೇರಿತು. ಬೆಂಗಳೂರು ಮೂರನೇ ವಾರ. ಸಾಮಾನ್ಯವಾಗಿ ಇದು ಉಲ್ಟಾ ನಡೆಯುತ್ತದೆ.

ಪ್ರಚಾರಕ್ಕೆ ಪತ್ರಿಕೆ ಜಾಹೀರಾತು ಕೊಡಲಿಲ್ಲ. ಸಂತೆ ದಿನ ಆಟೊದಲ್ಲಿ ಮೈಕ್ ಕಟ್ಟಿಸಿ ಹೇಳಿಸಿದರು. ಬಸ್ ಸ್ಟ್ಯಾಂಡಿನಲ್ಲಿ ಪೋಸ್ಟರ್ ಹಚ್ಚಿಸಿದರು. ಅಪ್ಪನ ಪಾತ್ರ ಮಾಡಿದ ರೈತರು ತಮ್ಮ ಫೋನಿನಲ್ಲೇ ಒಂದು ನಿಮಿಷ ಮಾತಾಡಿ ವಾಟ್ಸಾಪ್‌ಗೆ ಬಿಟ್ಟರು. "ನಮ್ ಗದ್ದೆ ಕಥೆನೇ ಕಣ್ರಪ್ಪ, ಬಂದ್ ನೋಡಿ" ಅಂತ. ಅದು ಹೋದಷ್ಟು ದೂರ ಟ್ರೇಲರ್ ಹೋಗಲಿಲ್ಲ. ಬೆಳೆಗಾರರ ಗುಂಪುಗಳಲ್ಲಿ, ಹಳೇ ವಿದ್ಯಾರ್ಥಿಗಳ ಗುಂಪುಗಳಲ್ಲಿ, ಮದುವೆಗೆ ಮಾಡಿದ ಗುಂಪುಗಳಲ್ಲೂ ಸುತ್ತಾಡಿತು.

ತಾಲ್ಲೂಕು ಪೇಟೆಯಲ್ಲಿ ಶುಕ್ರವಾರ ಅರ್ಧ ಬಾಲ್ಕನಿ ಮಾತ್ರ ತುಂಬಿತ್ತು. ಭಾನುವಾರದ ಎರಡು ಆಟವೂ ಹೌಸ್‌ಫುಲ್. ಬಂದವರಲ್ಲಿ ಹೆಂಗಸರು ಜಾಸ್ತಿ. ಸ್ತ್ರೀಶಕ್ತಿ ಸಂಘದವರು ಒಟ್ಟಿಗೆ ಪಿಕಪ್ ಮಾಡಿಕೊಂಡು ಬಂದರು, ಹನ್ನೊಂದೂವರೆ ಆಟ ನೋಡಿ, ಪೇಟೆ ಕೆಲಸ ಮುಗಿಸಿ, ಕತ್ತಲಾಗುವ ಮೊದಲು ಮನೆ ಸೇರಿದರು. ಬೆಳೆಗಾರರ ಒಂದು ಸಂಘ ಎರಡು ಆಟ ಪೂರ್ತಿ ಕೊಂಡುಕೊಂಡಿತು. ಮೂರು ವಾರ ಓಡಿತು. ಬರುತ್ತಾರೆ ಅಂತ ತಂಡ ಲೆಕ್ಕ ಹಾಕಿದ್ದರೂ ಬಾರದವರು ತೋಟದ ಕಾರ್ಮಿಕರು. ಅಸ್ಸಾಂ ಕಡೆಯಿಂದ ಬಂದವರು ಈಗ ಕಾರ್ಮಿಕರ ಲೈನ್‌ಮನೆಗಳಲ್ಲಿ ಬಹಳ ಇದ್ದಾರೆ. ಅವರಿಗೆ ಈ ಕನ್ನಡ ತಲುಪುವುದಿಲ್ಲ. ಕಾಫಿ ಸೀಮೆಯ ಪ್ರೇಕ್ಷಕರು ಅಂತ ಎಣಿಸುವವರು ಈ ಬದಲಾವಣೆಯನ್ನು ಗಮನಿಸಬೇಕು.

ಹಾಸನದಲ್ಲಿ ಸುಮಾರಾಗಿ ಹೋಯಿತು. ಕಾಲೇಜು ಹುಡುಗರು ಬಂದರು, ಅಧ್ಯಾಪಕರು ಕರೆತಂದರು. ಆದರೆ ನಗರದಲ್ಲಿ ಹೆಚ್ಚಿನವರು ಬಯಲು ಸೀಮೆ ಕಡೆಯವರು. ಆನೆಯ ಭಯ ಅವರಿಗೆ ಸುದ್ದಿಯಲ್ಲಿ ಕೇಳಿದ್ದು. ಕಥೆ ನಡೆಯುವ ಜಿಲ್ಲೆಯೇ ಆದರೂ ಚಿಕ್ಕಮಗಳೂರಿನಷ್ಟು ಬಿಸಿ ಇಲ್ಲಿ ಹತ್ತಲಿಲ್ಲ.

ಬೆಂಗಳೂರಿನ ಮಲ್ಟಿಪ್ಲೆಕ್ಸ್‌ಗಳಲ್ಲಿ ತಂಡ ಇಟ್ಟ ಬೇಡಿಕೆ ಒಂದೇ. ವಾರಪೂರ್ತಿ ಬೇಡ, ಶನಿವಾರ ಭಾನುವಾರ ಸಂಜೆ ಒಂದೊಂದು ಆಟ ಕೊಡಿ. ಸಂಜೆ ಆಟ ಹೊಸಬರಿಗೆ ಕೊಡುವುದಿಲ್ಲ ಅಂತ ಒಂದು ಕಡೆ ಹೇಳಿದರು. ಇನ್ನೊಂದು ಕಡೆ, ತಾಲ್ಲೂಕು ಪೇಟೆಯ ದಿನದ ಕಲೆಕ್ಷನ್ ರಿಪೋರ್ಟ್ ತೋರಿಸಿದ ಮೇಲೆ ಎರಡು ಪರದೆ ಕೊಡಲು ಒಪ್ಪಿದರು. ಊರಲ್ಲಿ ಮೊದಲು ಓಡಿಸಿದ್ದು ಇಲ್ಲಿ ಕೆಲಸಕ್ಕೆ ಬಂತು. ಬರೀ ಟ್ರೇಲರ್ ಹಿಡಿದು ಹೋಗುವವನಿಗಿಂತ, ಇಷ್ಟು ಜನ ದುಡ್ಡು ಕೊಟ್ಟು ನೋಡಿದ್ದಾರೆ ಅಂತ ಕಾಗದ ತೋರಿಸುವವನಿಗೆ ಕುರ್ಚಿ ಸಿಗುತ್ತದೆ. ಆ ಎರಡು ಪರದೆಗಳಲ್ಲಿ ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ಕುಟುಂಬಗಳು ಮಕ್ಕಳನ್ನೂ ಕರೆದುಕೊಂಡು ಬಂದವು.

ಹಕ್ಕುಗಳ ಜಗಳ

ಎರಡನೇ ವಾರದಲ್ಲಿ ಒಂದು ಆಫರ್ ಬಂತು. ಎಲ್ಲ ಹಕ್ಕುಗಳಿಗೂ ಸೇರಿ 6 ಲಕ್ಷ, ಒಂದೇ ಸಲಕ್ಕೆ. ಎಲ್ಲ ಅಂದರೆ ಟಿವಿ, ಓಟಿಟಿ, ಯೂಟ್ಯೂಬ್, ಡಬ್ಬಿಂಗ್, ರೀಮೇಕ್, ಪ್ರಪಂಚಪೂರ್ತಿ, ಎಂದೆಂದಿಗೂ.

ತಂಡ ಎರಡಾಯಿತು. ಭಾವ ಮತ್ತು ಒಬ್ಬ ಬೆಳೆಗಾರರು ತೆಗೆದುಕೊಳ್ಳೋಣ ಅಂದರು. ಕೈಗೆ ಬಂದದ್ದು ನಮ್ಮದು ಅನ್ನುವುದು ಅವರ ವಾದ. ಅದರಲ್ಲಿ ತಪ್ಪೇನೂ ಇಲ್ಲ, ಅವರು ಹಾಕಿದ್ದು ದುಡಿದ ಹಣ. ಹಿಂದೆ ಟಿವಿ ಹಕ್ಕಿನಿಂದಲೇ ಸಣ್ಣ ಸಿನಿಮಾಗಳು ಬದುಕುತ್ತಿದ್ದವು. ಆ ಬಾಗಿಲು ಈಗ ಬಹಳ ಕಿರಿದಾಗಿದೆ. ಓಟಿಟಿಯವರು ಮೊದಲಿನ ಹಾಗೆ ದುಡ್ಡು ಕೊಟ್ಟು ಕೊಳ್ಳುವುದು ಕಡಿಮೆ ಮಾಡಿದ್ದಾರೆ. ಎಷ್ಟು ಜನ ಎಷ್ಟು ಹೊತ್ತು ನೋಡಿದರು ಅನ್ನುವುದರ ಮೇಲೆ ಪಾಲು ಕೊಡುವುದೇ ಹೆಚ್ಚು. ಇಂಥ ಹೊತ್ತಿನಲ್ಲಿ 6 ಲಕ್ಷ ಬಿಡುವುದು ಧೈರ್ಯದ ಮಾತು.

ನಿರ್ದೇಶಕ ಬೇಡ ಅಂದ. ನಾನೂ ಬೇಡ ಅಂದೆ, ಈಗಲೂ ಹಾಗೇ ಅನ್ನುತ್ತೇನೆ. ಒಂದೊಂದು ಹಕ್ಕೂ ಬೇರೆ ಬೇರೆ ಆಸ್ತಿ. ಟಿವಿಗೆ ಕೊಟ್ಟರೆ ಟಿವಿಗೆ ಮಾತ್ರ, ಇಷ್ಟು ವರ್ಷಕ್ಕೆ ಮಾತ್ರ ಅಂತ ಬರೆಸಬೇಕು. ರೀಮೇಕ್ ಹಕ್ಕನ್ನು ಸುಮ್ನೆ ಉಳಿದದ್ದರ ಜೊತೆ ಸೇರಿಸಿ ಕೊಡುವುದು ನಮ್ಮಲ್ಲಿ ಸಾಮಾನ್ಯವಾಗಿದೆ. ಆನೆ ಕಾಟದ ಕಥೆ ಕೇರಳಕ್ಕೂ ತಮಿಳುನಾಡಿಗೂ ಹೊಂದುತ್ತದೆ. ನಾಳೆ ಯಾರಾದರೂ ಕೇಳಿದರೆ ಕೊಡುವುದಕ್ಕೆ ನಮ್ಮ ಹತ್ತಿರ ಅದು ಇರಬೇಕಲ್ಲ. ಕೊನೆಗೆ ಅಕ್ಕ ನಡುವೆ ಬಂದು ಒಂದು ವರ್ಷ ಕಾಯೋಣ ಅಂದರು, ಭಾವ ಒಪ್ಪಿದರು.

ಲೆಕ್ಕ

ಒಟ್ಟು ಸುಮಾರು 16 ಸಾವಿರ ಜನ ನೋಡಿದರು. ಅದರಲ್ಲಿ ಬೆಂಗಳೂರಿನವರು 4 ಸಾವಿರ. ಸಂಘಗಳು ಕೊಂಡ ಆಟಗಳೂ ಸೇರಿ ತಂಡದ ಪಾಲಿಗೆ ಬಂದದ್ದು 8 ಲಕ್ಷದ ಆಸುಪಾಸು. ಬಿಡುಗಡೆಗೆ ಖರ್ಚಾದದ್ದು ಐದೂವರೆ ಲಕ್ಷ. ಅಂದರೆ ಉಳಿದದ್ದು ಎರಡೂವರೆ ಲಕ್ಷ. ಆಮೇಲೆ ಕಾಲೇಜುಗಳು, ಚಿತ್ರ ಸಮಾಜಗಳು ಕರೆಸಿ ತೋರಿಸಿದ್ದರಿಂದ ಒಂದೂವರೆ ಲಕ್ಷ. ಹಾಕಿದ 38 ಲಕ್ಷದಲ್ಲಿ ಇಲ್ಲಿಯವರೆಗೆ ವಾಪಸ್ ಬಂದದ್ದು 4 ಲಕ್ಷ.

ಇದನ್ನು ಗೆಲುವು ಅಂತ ನಾನು ಕರೆಯುವುದಿಲ್ಲ. ಆದರೆ ಇನ್ನೊಂದು ದಾರಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. 18 ಲಕ್ಷ ಸಾಲ ಮಾಡಿ 60 ಥಿಯೇಟರ್‌ಗೆ ಹಾಕಿದ್ದರೆ, ಮೂರೇ ದಿನಕ್ಕೆ ಇಳಿದಿದ್ದರೆ, ನಷ್ಟ 50 ಲಕ್ಷ ದಾಟುತ್ತಿತ್ತು, ನೋಡಿದವರೂ ಇಷ್ಟು ಇರುತ್ತಿರಲಿಲ್ಲ. ಈಗ ಸಾಲ ಬೆಳೆದಿಲ್ಲ. ಎಲ್ಲ ಹಕ್ಕುಗಳೂ ಕೈಯಲ್ಲಿವೆ. ಒಂದು ಓಟಿಟಿ ಜೊತೆ ಎರಡು ವರ್ಷಕ್ಕೆ, ಪಾಲಿನ ಮೇಲೆ, ಬೇರೆಯವರಿಗೂ ಕೊಡುವ ಸ್ವಾತಂತ್ರ್ಯ ಉಳಿಸಿಕೊಂಡು ಒಪ್ಪಂದವಾಗಿದೆ. ಟಿವಿ ಹಕ್ಕಿನ ಮಾತು ಬೇರೆಯಾಗಿ ನಡೆಯುತ್ತಿದೆ. ಸಹಾಯಧನದ ಅರ್ಜಿ ಹೋಗಿದೆ.

ಇಬ್ಬರು ಬೆಳೆಗಾರರಲ್ಲಿ ಒಬ್ಬರು ಇನ್ನು ಸಿನಿಮಾಕ್ಕೆ ಹಣ ಹಾಕುವುದಿಲ್ಲ ಅಂದಿದ್ದಾರೆ. ಇನ್ನೊಬ್ಬರು ಮುಂದಿನದಕ್ಕೂ ಬರುತ್ತೇನೆ ಅಂದಿದ್ದಾರೆ, ಆದರೆ ಒಂದು ಷರತ್ತು ಹಾಕಿ. ಬಜೆಟ್ಟಿನ ಐದನೇ ಒಂದು ಭಾಗವನ್ನು ಬಿಡುಗಡೆಗೆ ಅಂತ ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದು ಇಡಬೇಕು, ಶೂಟಿಂಗ್‌ಗೆ ಎಷ್ಟೇ ಕಡಿಮೆ ಬಿದ್ದರೂ ಅದನ್ನು ಮುಟ್ಟುವಂತಿಲ್ಲ. ನಿರ್ದೇಶಕ ಒಪ್ಪಿದ್ದಾನೆ. ಹೊಸ ಕಥೆ ಅರಕಲಗೂಡು ಕಡೆಯ ತಂಬಾಕು ಬೆಳೆಗಾರರದ್ದು. ಬರವಣಿಗೆ ಅರ್ಧ ಆಗಿದೆ. ರಾಮನಾಥಪುರದ ಹರಾಜು ಮುಗಿದು ರೈತರ ಕೈಗೆ ಹಣ ಸೇರುವುದು ಯಾವ ತಿಂಗಳು ಅಂತ ಅವನು ಈಗಾಗಲೇ ವಿಚಾರಿಸುತ್ತಿದ್ದಾನೆ.